ಬಿಳಿ ಗ್ರಾನೈಟ್ ಬಿಳಿಯಾಗೇ ಉಳಿಯಬೇಕೆ?

ಬೆಳಕು ಕಡಿಮೆಯಿರುವ ಅಡುಗೆಮನೆಗೂ ಇಕ್ಕಟ್ಟಾದ ಆಫೀಸಿಗೂ ಬಿಳಿ ಗ್ರಾನೈಟ್ ಹೇಳಿ ಮಾಡಿಸಿದ ಕಲ್ಲು. ಆದರೆ ಕರಿಕಲ್ಲಿನಲ್ಲಿ ಮರೆಯಾಗುವ ಕಲೆ ಇದರಲ್ಲಿ ಎದ್ದು ಕಾಣುತ್ತದೆ. ಹಾಗಾಗಿ ಎಚ್ಚರವೆಲ್ಲ ಹಾಸುವ ಮೊದಲೇ ಇರಬೇಕು.

1. ಹೆಸರಿಗೆ ಮರುಳಾಗಬೇಡಿ. 'ಕಾಶ್ಮೀರ್ ವೈಟ್' ಸಿಗುವುದು ತಮಿಳುನಾಡಿನ ಕ್ವಾರಿಗಳಲ್ಲಿ. ಅದರಲ್ಲಿನ ಕೆಂಪು ಚುಕ್ಕಿಗಳು ಗಾರ್ನೆಟ್ ಹರಳುಗಳು, ದೋಷವಲ್ಲ.

2. ಕಟ್ಟೆಗೆ ಕೊಡುತ್ತಿರುವುದು ಮಾರ್ಬಲ್ ಅಲ್ಲ ತಾನೆ? ಸ್ಯಾಂಪಲ್ ತುಂಡಿನ ಮೇಲೆ ನಿಂಬೆರಸ ಹಾಕಿ ಅರ್ಧ ಗಂಟೆ ಬಿಡಿ. ಮಾರ್ಬಲ್ ಆದರೆ ಅಷ್ಟು ಭಾಗದ ಹೊಳಪು ಸತ್ತಿರುತ್ತದೆ. ದಿನಾ ಹುಣಸೆಹುಳಿ, ಮಜ್ಜಿಗೆ ಚೆಲ್ಲುವ ಜಾಗಕ್ಕೆ ಅದು ಬೇಡ.

3. ನೀರಿನ ಪರೀಕ್ಷೆ ಮಾಡದೆ ದುಡ್ಡು ಕೊಡಬೇಡಿ. ಸ್ಲ್ಯಾಬಿನ ಮೇಲೆ ಒಂದು ಚಮಚ ನೀರು ಹಾಕಿ, ಹತ್ತು ನಿಮಿಷ ಕಾದು ಒರೆಸಿ. ಕಪ್ಪನೆ ಮಚ್ಚೆ ಉಳಿದರೆ ಕಲ್ಲು ನೀರು ಕುಡಿಯುತ್ತಿದೆ ಎಂದರ್ಥ. ನಾಳೆ ಕೊಬ್ಬರಿ ಎಣ್ಣೆಯನ್ನೂ ಕುಡಿಯುತ್ತದೆ. ಇದಕ್ಕಿಂತ ದೊಡ್ಡ ತೊಂದರೆ ಕಬ್ಬಿಣದ್ದು. ಕಲ್ಲಿನೊಳಗೆ ಕಬ್ಬಿಣದ ಅಂಶವಿದ್ದರೆ ತೇವ ತಗುಲಿ ತುಕ್ಕಾಗಿ, ಬಿಳಿ ಹಳದಿಗೆ ತಿರುಗುತ್ತದೆ. ಬಣ್ಣ ಒಳಗಿನಿಂದಲೇ ಬಂದದ್ದು, ಎಷ್ಟು ಉಜ್ಜಿದರೂ ಹೋಗದು. ಅಂಗೈಯಗಲದ ತುಂಡೊಂದನ್ನು ಕೇಳಿ ತನ್ನಿ. ಅರ್ಧದಷ್ಟು ನೀರಿನಲ್ಲಿ ಮುಳುಗಿಸಿ ಕೆಲವು ದಿನ ಇಡಿ, ಆಮೇಲೆ ಚೆನ್ನಾಗಿ ಒಣಗಿಸಿ ಎರಡು ಅರ್ಧಗಳನ್ನೂ ಹಗಲು ಬೆಳಕಿನಲ್ಲಿ ಹೋಲಿಸಿ.

4. ಬೇಕಾದಷ್ಟನ್ನೂ ಒಂದೇ ಲಾಟಿನಲ್ಲಿ ಕೊಳ್ಳಿ.

5. ಸ್ಲ್ಯಾಬ್ ಇಳಿಸುವ ವ್ಯವಸ್ಥೆ ಮೊದಲೇ ಇರಲಿ. 20 ಮಿ.ಮೀ. ದಪ್ಪದ ಕಲ್ಲು ಚದರಡಿಗೆ ಸುಮಾರು 5 ಕೆ.ಜಿ. ತೂಗುತ್ತದೆ.

6. ಕಲ್ಲಿನ ಅಡಿಗೆ ಬಿಳಿ ಸಿಮೆಂಟೋ ಬಿಳಿ ಅಡ್ಹೆಸಿವ್ವೋ ಬೇಕೆಂದು ಮೇಸ್ತ್ರಿಗೆ ಖಡಾಖಂಡಿತವಾಗಿ ಹೇಳಿ. ಬೂದು ಸಿಮೆಂಟಿನ ಛಾಯೆ ತೇವದ ಜೊತೆ ಮೇಲೇರಿ ಕಲ್ಲು ಮಂಕಾಗುತ್ತದೆ. ಹಣ ಉಳಿಸುವ ಜಾಗ ಇದಲ್ಲ.

7. ಕಲ್ಲು ಪೂರ್ತಿ ಆರಿದ ಮೇಲೆಯೇ ಸೀಲರ್ ಹಚ್ಚಿಸಿ. ಸಿಂಕಿಗಾಗಿ ಕೊಯ್ದ ಅಂಚನ್ನು ಬೆರಳಾಡಿಸಿ ನೋಡಿ: ಪಾಲಿಶ್ ಇಲ್ಲದೆ ತರಿತರಿಯಾಗಿರುತ್ತದೆ. ನೀರು ಹೆಚ್ಚು ಇಳಿಯುವುದು ಅಲ್ಲಿಂದಲೇ. ಅಲ್ಲಿಗೂ ಎರಡು ಕೋಟ್ ಬೀಳಲಿ.

8. ಆಫೀಸಿನ ಹೊರಮೆಟ್ಟಿಲಿಗೆ ಪಾಲಿಶ್ ಕಲ್ಲು ಹಾಕಿಸಬೇಡಿ, ಮಳೆಯಲ್ಲಿ ಜಾರುತ್ತದೆ. ಒರಟು ಫಿನಿಶ್ ಕೇಳಿ.

9. ಟಾಯ್ಲೆಟ್ ತೊಳೆಯುವ ಆಸಿಡ್ ಹತ್ತಿರ ತರಬೇಡಿ. ಕಲ್ಲಿನ ಕಬ್ಬಿಣವನ್ನು ಕೆದಕಿ ಹಳದಿ ಮಾಡುತ್ತದೆ. ಸೋಪಿನ ನೀರು ಸಾಕು. ಎಣ್ಣೆ ಕಲೆಗೆ ಅಡುಗೆ ಸೋಡಾವನ್ನು ನೀರಲ್ಲಿ ಕಲಸಿ ಬಳಿದು, ಪ್ಲಾಸ್ಟಿಕ್ ಹಾಳೆ ಮುಚ್ಚಿ, ಬೆಳಗ್ಗೆ ಒರೆಸಿ. ಅರಿಸಿನ ಚೆಲ್ಲಿದರೆ ತಕ್ಷಣ ಒರೆಸಿ. ಉಳಿದ ಬಣ್ಣ ಬಿಸಿಲು ಬೀಳುವ ಜಾಗದಲ್ಲಾದರೆ ಕ್ರಮೇಣ ತಾನೇ ಮಾಸುತ್ತದೆ.