ಕೋಟೆಯೊಳಗಣ ತೋಟವೂ ಧರ್ಮಾರ್ಥದ ದಿನವೂ

ತೋಟವನ್ನು ನೋಡುವದೆಂದರೆ ಹೂಗಳನ್ನು ನೋಡುವದೆಂದು ಅನೇಕರು ಎಣಿಸುತ್ತಾರೆ. ನಮ್ಮ ಬಿಸಿಲಿನ ಸೀಮೆಯಲ್ಲಾದರೋ ಮೊದಲು ನೋಡತಕ್ಕದ್ದು ನೀರು.

ಕಲಬುರಗಿಯು 1347ರಿಂದ ಬಹಮನಿ ಅರಸರ ರಾಜಧಾನಿಯಾಗಿದ್ದಿತು. ನಮ್ಮ ಕೋಟೆಯಲ್ಲಿ 1367ರ ಜಾಮಿ ಮಸೀದಿಯೂ ಬುರುಜುಗಳೂ ಉಂಟು. ರಾಜೋದ್ಯಾನವನ್ನು ಅರಸುವವರು ಮಾತ್ರ ಬೀದರಿಗೆ ಹೋಗಬೇಕು. 1422ರಲ್ಲಿ ಪಟ್ಟವೇರಿದ ಅಹಮದ್ ಷಾ ರಾಜಧಾನಿಯನ್ನು ಅಲ್ಲಿಗೆ ಒಯ್ದನು. 2017ರಲ್ಲಿ ತೆರೆದ ರೈಲುದಾರಿಯು ಕಮಲಾಪುರದ ಮೇಲೆಯೇ ಹೋಗುತ್ತದೆ. (ಅಲ್ಲಿಯ ಕೆಂಪು ಬಾಳೆಹಣ್ಣನ್ನು ತಿನ್ನದೆ ಮುಂದೆ ಹೋಗುವದು ನ್ಯಾಯವಲ್ಲ.)

ಬೀದರ ಕೋಟೆಯಲ್ಲಿ ಸೋಲಾ ಖಂಬ ಮಸೀದಿಯ ಮುಂದೆ ಲಾಲ್‌ಬಾಗ್ ಎಂಬ ಉದ್ಯಾನವಿದೆ; ಅದರ ನಡುವೆ ನೀರಿನ ಕಾಲುವೆ. ಎತ್ತರವಾದ ಮುರಕಲ್ಲಿನ ಬಯಲಿನ ಮೇಲಿರುವ ಈ ಪಟ್ಟಣಕ್ಕೆ ನೀರು ಹೇಗೆ ಬಂತು? ಸಮೀಪದ ನೌಬಾದಿನಲ್ಲಿ ಕರೇಜ್ ಎಂಬ ಸುರಂಗವನ್ನು ನೋಡಿದರೆ ಅಂದಿನವರ ಉಪಾಯವು ತಿಳಿಯುವದು. ಪಾರಸೀಕರಿಂದ ಕಲಿತ ವಿದ್ಯೆ ಇದು. ನೆಲದಡಿಯಲ್ಲಿ ತುಸುವೇ ಇಳಿಜಾರಾಗಿ ಕೊರೆದ ಸುರಂಗದಲ್ಲಿ ಒರತೆಯ ನೀರು ಎತ್ತಿನ ಸಹಾಯವಿಲ್ಲದೆ ತಾನೇ ಹರಿಯುತ್ತದೆ. ಮೇಲಿನಿಂದ ಅಲ್ಲಲ್ಲಿ ತೋಡಿದ ಬಾವಿಗಳು ಒಳಕ್ಕೆ ಗಾಳಿಬೆಳಕನ್ನೂ ಹೂಳೆತ್ತುವವರಿಗೆ ದಾರಿಯನ್ನೂ ಕೊಡುತ್ತವೆ. ಬಿಸಿಲು ಕುಡಿದುಬಿಡಬಹುದಾದ ನೀರು ಹೀಗೆ ಉಳಿಯುತ್ತದೆ. ಕಾರಂಜಿಯನ್ನು ಹೊಗಳುವವರು ಬಹುಮಂದಿ. ಸುರಂಗದ ಹೂಳೆತ್ತಿದ ಕೂಲಿಯವರನ್ನು ನೆನೆಯುವವರು ವಿರಳ.

ಅರಮನೆಯ ತೋಟಗಳು ಅರಮನೆಯವರ ಸುಖಕ್ಕಾಗಿ ಇದ್ದವು. ಅಂಥ ಬಾಗಿಲುಗಳನ್ನು ಪರರ ಉಪಕಾರಕ್ಕಾಗಿ ತೆರೆಯುವ ಪದ್ಧತಿಯನ್ನು ಇಂಗ್ಲೆಂಡಿನಲ್ಲಿ ಎಲ್ಸಿ ವ್ಯಾಗ್ ಎಂಬವರು ಸೂಚಿಸಿದರು. ಮನೆಮನೆಗೆ ಹೋಗಿ ರೋಗಿಗಳ ಆರೈಕೆ ಮಾಡುವ ದಾದಿಯರ ನಿಧಿಗಾಗಿ 1927ರಲ್ಲಿ 609 ತೋಟಗಳು ತೆರೆದವು. ದೊರೆಯ ಸ್ಯಾಂಡ್ರಿಂಗ್‌ಹ್ಯಾಮ್ ತೋಟವೂ ಅವುಗಳಲ್ಲಿ ಒಂದು. ಪ್ರವೇಶಕ್ಕೆ ತಲೆಗೆ ಒಂದೇ ಶಿಲ್ಲಿಂಗು. ಕೂಡಿದ ಹಣ 8,191 ಪೌಂಡು, ಅಂದರೆ 1,63,820 ಶಿಲ್ಲಿಂಗು! ಒಬ್ಬ ಧನಿಕನ ದಾನಕ್ಕಿಂತ ಇಷ್ಟು ಮಂದಿಯ ಚಿಕ್ಕ ನಾಣ್ಯವು ನನಗೆ ದೊಡ್ಡದಾಗಿ ಕಾಣುತ್ತದೆ.

ಹಳೆಯ ವಿದ್ಯಾರ್ಥಿನಿಯರೇ, ನಮಗೆ ಕೋಟೆಗಳಿಲ್ಲ; ಆದರೆ ಬ್ರಹ್ಮಪುರದ ಓಣಿಗಳಲ್ಲಿ ಮಲ್ಲಿಗೆಯ ಅಂಗಳಗಳೂ ನುಗ್ಗೆ, ಕರಿಬೇವಿನ ಹಿತ್ತಲುಗಳೂ ಉಂಟಷ್ಟೇ. ನಾಲ್ಕೈದು ಮನೆಯವರು ಸೇರಿ ಒಂದು ದಿನ ಬಾಗಿಲು ತೆರೆದರೆ ಒಬ್ಬ ಬಡ ಹುಡುಗಿಯ ದಾದಿ ಶಿಕ್ಷಣಕ್ಕೆ ಸಹಾಯವಾಗಲಾರದೇ? ಹಣವು ಯಾರಿಗೆ ಸಲ್ಲುವದೆಂಬದನ್ನು ಬಾಗಿಲಲ್ಲಿ ಮೊದಲೇ ಬರೆದು ಹಾಕತಕ್ಕದ್ದು. ವೈಶಾಖದ ಉರಿಬಿಸಿಲು ಬೇಡ. ಸೇವಂತಿಗೆ ಅರಳುವ ಮಾರ್ಗಶಿರವೇ ತಕ್ಕ ಕಾಲ. ಬಂದವರಿಗೆ ಹೂವನ್ನು ತೋರಿಸುವ ಮುಂಚೆ ಬಾವಿಯನ್ನು ತೋರಿಸಿರಿ.