ಮರದಚ್ಚಿನ ಚಿತ್ರಗಳು

ದಾವಣಗೆರೆಗೆ ಸಮೀಪದ ಹರಿಹರದಲ್ಲಿ, ಹೊಯ್ಸಳ ದಂಡನಾಯಕ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯವಿದೆ. ಅಲ್ಲಿರುವಂಥ ಶಿಲಾಶಾಸನಗಳಿಂದ ವಿದ್ವಾಂಸರು ಪಡಿಯಚ್ಚು ತೆಗೆಯುವ ಕ್ರಮವು ನೋಡತಕ್ಕದ್ದು. ಒದ್ದೆಯಾದ ಕಾಗದವನ್ನು ಕಲ್ಲಿಗೆ ಹೊದಿಸಿ, ಕುಂಚದಿಂದ ಮೆಲ್ಲನೆ ಬಡಿದು, ಅದರ ಮೇಲೆ ಮಸಿಯನ್ನು ಒತ್ತುತ್ತಾರೆ. ಉಬ್ಬಿದ ಭಾಗವೆಲ್ಲ ಕಪ್ಪಾಗಿ, ಉಳಿಯಿಂದ ಕೊರೆದ ಅಕ್ಷರಗಳು ಮಾತ್ರ ಬೆಳ್ಳಗೆ ಉಳಿಯುತ್ತವೆ.

ಮರದಚ್ಚಿನ ಚಿತ್ರದ ಮರ್ಮವೂ ಇದೇ. ಕಲಾವಿದನು ಹಲಗೆಯಲ್ಲಿ ಬಿಳಿಯಾಗಿ ಉಳಿಯಬೇಕಾದುದನ್ನೆಲ್ಲ ಕೆತ್ತಿ ತೆಗೆಯುತ್ತಾನೆ. ಉಳಿದ ಮೈಗೆ ಮಸಿ ಬಳಿದು ಕಾಗದವನ್ನು ಒತ್ತುತ್ತಾನೆ. ಒಂದೇ ವ್ಯತ್ಯಾಸ: ಇಲ್ಲಿ ಮಸಿಯು ಹಲಗೆಯ ಮೇಲಿರುವುದರಿಂದ ಚಿತ್ರವು ಎಡಬಲವಾಗಿ ಮೂಡುತ್ತದೆ. ಅಕ್ಷರವಿದ್ದರೆ ಅದನ್ನು ತಿರುಗುಮುರುಗಾಗಿಯೇ ಕೆತ್ತಬೇಕು. ತಪ್ಪಿ ಹಾರಿಹೋದ ಚಕ್ಕೆಯನ್ನು ಮತ್ತೆ ಕೂಡಿಸುವುದು ಸುಲಭವಲ್ಲ.

1905ರಲ್ಲಿ ಜರ್ಮನಿಯ ಡ್ರೆಸ್ಡೆನ್ ನಗರದಲ್ಲಿ ವಾಸ್ತುಶಿಲ್ಪದ ನಾಲ್ವರು ವಿದ್ಯಾರ್ಥಿಗಳು ಒಂದು ಕಲಾಸಂಘವನ್ನು ಕಟ್ಟಿದರು. ಅವರಲ್ಲೊಬ್ಬನಾದ ಕಾರ್ಲ್ ಷ್ಮಿಟ್-ರೊಟ್ಲುಫ್ ಅದಕ್ಕೆ ‘ಸೇತುವೆ’ ಎಂಬ ಹೆಸರನ್ನು ಸೂಚಿಸಿದನು. ತುಂಗಭದ್ರೆಯ ದಡದಲ್ಲಿರುವವರಿಗೆ ಈ ಹೆಸರಿನ ಬೆಲೆಯನ್ನು ವಿವರಿಸಬೇಕಾಗಿಲ್ಲ. ಕಣ್ಣಿಗೆ ಕಂಡ ರೂಪವನ್ನಲ್ಲ, ಮನಸ್ಸಿನ ತಳಮಳವನ್ನು ಚಿತ್ರಿಸಬೇಕೆಂಬ ಇವರ ಮಾರ್ಗಕ್ಕೆ ಅಭಿವ್ಯಕ್ತಿವಾದವೆಂದು ಹೆಸರಾಯಿತು. ಮರದ ಒರಟುತನವು ಇವರಿಗೆ ಹಿಡಿಸಿತು. ಮೊದಲನೆಯ ಮಹಾಯುದ್ಧದಲ್ಲಿ ಸೈನಿಕನಾಗಿದ್ದು ಮರಳಿದ ಷ್ಮಿಟ್-ರೊಟ್ಲುಫ್ 1918ರಲ್ಲಿ ಕ್ರಿಸ್ತನ ಮುಖವೊಂದನ್ನು ಕೆತ್ತಿದನು. ಅದರ ಒಂದು ಕಣ್ಣು ಇನ್ನೊಂದರಂತಿಲ್ಲ. ಹಣೆಯ ಮೇಲೆ ‘1918’ ಎಂಬ ಅಂಕಿಗಳಿವೆ. ಅದು ಸುಂದರವಾದ ಮುಖವಲ್ಲ. ಆದರೆ ಒಮ್ಮೆ ಕಂಡವರು ಮರೆಯುವಂಥದೂ ಅಲ್ಲ.

ಈ ಸಂಘಕ್ಕೆ ವರ್ಷಕ್ಕೆ ಹನ್ನೆರಡು ಮಾರ್ಕು ಚಂದಾ ಕೊಟ್ಟವರಿಗೆ ಅಚ್ಚುಚಿತ್ರಗಳ ಕಟ್ಟೊಂದು ದೊರೆಯುತ್ತಿತ್ತು. ಹಾಗೆ 1907ರಲ್ಲಿ ಸದಸ್ಯೆಯಾದವಳು ಹಂಬರ್ಗಿನ ರೋಸಾ ಶಪೀರೆ. ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲು ಆಗತಾನೆ ತೆರೆಯುತ್ತಿದ್ದ ಕಾಲದಲ್ಲಿ, 1904ರಲ್ಲಿ, ಕಲೆಯ ಇತಿಹಾಸದಲ್ಲಿ ಡಾಕ್ಟರೇಟ್ ಪಡೆದ ವಿದುಷಿ ಆಕೆ. ಷ್ಮಿಟ್-ರೊಟ್ಲುಫನ ಅಚ್ಚುಗಳನ್ನೆಲ್ಲ ಪಟ್ಟಿಮಾಡಿ 1924ರಲ್ಲಿ ಗ್ರಂಥವಾಗಿ ಪ್ರಕಟಿಸಿದಳು. ಮುಂದೆ ನಾಜಿಗಳ ಆಳ್ವಿಕೆ ಬಂದಿತು. 1937ರಲ್ಲಿ ಈ ಕಲೆಯನ್ನು ‘ಪತಿತ’ವೆಂದು ಸಾರಿ, ಷ್ಮಿಟ್-ರೊಟ್ಲುಫನವೇ ಆರುನೂರಕ್ಕೂ ಹೆಚ್ಚು ಕೃತಿಗಳನ್ನು ಜರ್ಮನಿಯ ಸಂಗ್ರಹಾಲಯಗಳಿಂದ ಕಿತ್ತೊಯ್ದರು. 1941ರಲ್ಲಿ ಅವನು ಚಿತ್ರ ಬರೆಯುವುದನ್ನೇ ನಿಷೇಧಿಸಿದರು.

ರೋಸಾ ಯೆಹೂದಿ ಮನೆತನದವಳು. 1939ರ ಆಗಸ್ಟಿನಲ್ಲಿ, ಯುದ್ಧಕ್ಕೆ ಕೆಲವೇ ದಿನಗಳಿರುವಾಗ, ಆಕೆ ಲಂಡನ್ನಿಗೆ ಪಾರಾದಳು. ಆಗ ಅರವತ್ತನಾಲ್ಕರ ವಯಸ್ಸು. ಕೈಯಲ್ಲಿ ಹತ್ತು ಮಾರ್ಕು. ಹಿಂದೆ ಉಳಿದ ಸಾಮಾನುಗಳು ಹರಾಜಾದವು. ಆದರೆ ಷ್ಮಿಟ್-ರೊಟ್ಲುಫನ ಚಿತ್ರಗಳನ್ನು ಆಕೆ ಕೈಬಿಟ್ಟಿರಲಿಲ್ಲ. ಒಡವೆಯನ್ನಲ್ಲ, ಕಾಗದಗಳನ್ನು ಕಾಪಾಡಿಕೊಂಡು ಬಂದಳೆಂಬುದು ಗಮನಿಸತಕ್ಕ ಸಂಗತಿ.

ಶತ್ರುದೇಶದ ಕಲೆಯೆಂದು ಇಂಗ್ಲೆಂಡಿನಲ್ಲಿ ಅವಕ್ಕೆ ಹೆಚ್ಚಿನ ಆದರವಿರಲಿಲ್ಲ. ಲೆಸ್ಟರ್ ನಗರದ ಸಂಗ್ರಹಾಲಯವೊಂದು ಮಾತ್ರ 1944ರಲ್ಲಿ, ಬಾಂಬುಗಳು ಬೀಳುತ್ತಿರುವಾಗಲೇ, ಇಂಥ ಚಿತ್ರಗಳ ಪ್ರದರ್ಶನವನ್ನು ಏರ್ಪಡಿಸಿ ಕೆಲವನ್ನು ಕೊಂಡಿತು. ಅಂದಿನ ಅಧಿಕಾರಿ ಟ್ರೆವರ್ ಥಾಮಸನ ಧೈರ್ಯವು ಸಾಮಾನ್ಯವಾದುದಲ್ಲ. ರೋಸಾ ತನ್ನ ಅಚ್ಚುಗಳನ್ನು ಮಾರಿ ಸುಖವಾಗಿರಲು ಯತ್ನಿಸಲಿಲ್ಲ. ಭಾಷಾಂತರ ಮೊದಲಾದ ಕೆಲಸಗಳಿಂದ ಬದುಕುತ್ತ, ಅವು ಸಂಗ್ರಹಾಲಯಗಳನ್ನು ಸೇರಬೇಕೆಂದು ಬಯಸಿದಳು. ಲೆಸ್ಟರಿಗೂ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮಿಗೂ ಆಕೆಯ ಸಂಗ್ರಹದಿಂದ ಅಚ್ಚುಗಳು ಸಂದವು.

1954ರ ಫೆಬ್ರವರಿ 1ರಂದು ಲಂಡನ್ನಿನ ಟೇಟ್ ಕಲಾಶಾಲೆಯೊಳಗೇ ಆಕೆ ಕುಸಿದು ತೀರಿಕೊಂಡಳು. ಷ್ಮಿಟ್-ರೊಟ್ಲುಫ್ 1919ರಲ್ಲಿ ಬರೆದಿದ್ದ ಆಕೆಯ ಭಾವಚಿತ್ರವು, ಆಕೆಯ ಇಚ್ಛೆಯಂತೆ, ಅದೇ ವರ್ಷ ಆ ಕಲಾಶಾಲೆಯನ್ನು ಸೇರಿತು.