ಉರ್ ನಗರದ ಮೊದಲ ರಾಜವಂಶ

ಒಬ್ಬ ಅರಸನು 80 ವರ್ಷಗಳ ಕಾಲ ಆಳುವುದು ಸಾಧ್ಯವೆ? ಇಂದಿನ ಇರಾಕ್ ದೇಶದ ದಕ್ಷಿಣದಲ್ಲಿದ್ದ ಉರ್ ಎಂಬ ಸುಮೇರಿಯನ್ ನಗರದ ದೊರೆ ಮೆಸನ್ನೆಪಾದನು ಅಷ್ಟು ಕಾಲ ಆಳಿದನೆಂದು ಸುಮೇರಿಯನ್ ರಾಜರ ಪಟ್ಟಿಯು ಹೇಳುತ್ತದೆ. ಅವನ ಕಾಲ ಸುಮಾರು ಕ್ರಿ. ಪೂ. 2500.

ಈ ಪಟ್ಟಿಯ ಪ್ರಸಿದ್ಧ ಪ್ರತಿಯೊಂದು ಆಕ್ಸ್‌ಫರ್ಡಿನ ಆಷ್ಮೋಲಿಯನ್ ವಸ್ತುಸಂಗ್ರಹಾಲಯದಲ್ಲಿದೆ. ಸುಟ್ಟ ಜೇಡಿಮಣ್ಣಿನ ನಾಲ್ಕು ಮುಖಗಳ ಮೇಲೆ ಅದನ್ನು ಬರೆದದ್ದು ಸುಮಾರು ಕ್ರಿ. ಪೂ. 1800ರಲ್ಲಿ, ಎಂದರೆ ಮೆಸನ್ನೆಪಾದನು ಗತಿಸಿ ಆರು ಶತಮಾನಗಳಿಗೂ ಹೆಚ್ಚು ಕಾಲ ಸಂದ ಬಳಿಕ. ಅದರಲ್ಲಿ ಮೊಟ್ಟಮೊದಲನೆಯ ಅರಸನ ಆಳ್ವಿಕೆಗೆ 28,800 ವರ್ಷಗಳೆಂದಿದೆ! 60ನ್ನು ಆಧಾರವಾಗಿಟ್ಟು ಎಣಿಸುತ್ತಿದ್ದ ಸುಮೇರಿಯನ್ನರಿಗೆ 3600 ಒಂದು ದೊಡ್ಡ ಮಾನ. ಅದರ ಎಂಟರಷ್ಟೇ ಈ ಸಂಖ್ಯೆ. ಇಂಥ ಪಟ್ಟಿಯನ್ನು ನಂಬುವುದೆಂತು?

ಉತ್ತರವು ನೆಲದೊಳಗಿನಿಂದ ಬಂದಿತು. ಉರ್ ನಗರಕ್ಕೆ ಸಮೀಪದ ಅಲ್-ಉಬೈದ್ ದಿಬ್ಬದಲ್ಲಿ ಲಿಯೊನಾರ್ಡ್ ವೂಲಿಯವರು 1923ರಲ್ಲಿ ಉತ್ಖನನ ನಡೆಸಿದಾಗ ಒಂದು ಚಿಕ್ಕ ಶಿಲಾಫಲಕವು ದೊರೆಯಿತು. ಉರ್ ಅರಸ ಮೆಸನ್ನೆಪಾದನ ಮಗನೂ ಉರ್ ಅರಸನೂ ಆದ ಆನ್ನೆಪಾದನು ನಿನ್‌ಹುರ್ಸಾಗ್ ದೇವಿಗೆ ಗುಡಿ ಕಟ್ಟಿಸಿದನೆಂಬುದು ಅದರ ತಾತ್ಪರ್ಯ. ಹೀಗೆ ಮೆಸನ್ನೆಪಾದನು ಕೇವಲ ಕಲ್ಪನೆಯಲ್ಲವೆಂದು ಸಿದ್ಧವಾಯಿತು. ಆದರೆ ಆನ್ನೆಪಾದನ ಹೆಸರು ಪಟ್ಟಿಯಲ್ಲಿ ಇಲ್ಲವೇ ಇಲ್ಲ! ಹೆಸರುಗಳ ಹೋಲಿಕೆಯಿಂದ ಲಿಪಿಕಾರನು ತಂದೆಮಕ್ಕಳನ್ನು ಒಬ್ಬನೆಂದೇ ಬಗೆದು, ಇಬ್ಬರ ಆಳ್ವಿಕೆಯನ್ನೂ ಕೂಡಿಸಿ 80 ಎಂದು ಬರೆದಿರಬಹುದು. ಇದು ಊಹೆಯಾದರೂ ಯುಕ್ತವಾದ ಊಹೆ.

ಮುಂದೆ 1965ರಲ್ಲಿ ಸಿರಿಯಾ ದೇಶದ ಮಾರಿ ಎಂಬಲ್ಲಿ ರಾಜಾವರ್ತವೆಂಬ ನೀಲಿ ಶಿಲೆಯ ಮಣಿಯೊಂದು ಸಿಕ್ಕಿತು. ಮೆಸನ್ನೆಪಾದನು ಮೆಸ್‌ಕಲಮ್‌ದುಗ್ ಎಂಬ ಅರಸನ ಮಗನೆಂದು ಅದರ ಮೇಲೆ ಕೆತ್ತಲಾಗಿದೆ. ಪಟ್ಟಿಯಾದರೋ ಈ ವಂಶವನ್ನು ಮೆಸನ್ನೆಪಾದನಿಂದಲೇ ಆರಂಭಿಸುತ್ತದೆ. ಅವನಿಗೆ ಹಿಂದಿನ ತಂದೆಯನ್ನೂ ಮುಂದಿನ ಮಗನನ್ನೂ ಅದು ಮರೆತಿದೆ.

ಹಾಗೆಂದು ಪಟ್ಟಿಯನ್ನು ಎಸೆದುಬಿಡಬೇಕೆ? ಬೇಡ. ಮೆಸನ್ನೆಪಾದನ ಹೆಸರನ್ನು ಅದು ಸರಿಯಾಗಿಯೇ ಉಳಿಸಿಕೊಟ್ಟಿದೆ. ಪ್ರಯೋಗಶಾಲೆಯಲ್ಲಿ ಒಂದೇ ಉಪಕರಣದ ಅಳತೆಯನ್ನು ನಾವು ಒಡನೆಯೇ ಒಪ್ಪುವುದಿಲ್ಲ. ಬೇರೊಂದು ವಿಧಾನದಿಂದ ಅಳೆದು ತಾಳೆನೋಡುತ್ತೇವೆ. ಇತಿಹಾಸದಲ್ಲಿಯೂ ಅಷ್ಟೆ. ಲಿಪಿಕಾರನ ಪಟ್ಟಿಗೆ ಅರಸನ ಕಾಲದ ಕಲ್ಲು ಸಾಕ್ಷಿ ನುಡಿದಾಗ ಮಾತ್ರವೇ ಕಥೆಯು ಚರಿತ್ರೆಯಾಗುತ್ತದೆ.